ತುಕ್ಕಿನ ರೇಸ್ ಸಂಕೇತ ಹೇಳುವುದೆಷ್ಟು?

ಗೋಧಿಯ ಕಾಂಡ ತುಕ್ಕು ರೋಗದ ಶಿಲೀಂಧ್ರ ಎಲ್ಲಿ ಕಂಡರೂ ಇಟ್ಟಿಗೆ ಬಣ್ಣದ ಅದೇ ಪುಡಿ. ಯಾವ ತಳಿ ಅದಕ್ಕೆ ಬಲಿಯಾಗುತ್ತದೆ, ಯಾವುದು ತಾಳಿಕೊಳ್ಳುತ್ತದೆ ಎಂಬುದು ಎಳೆಯ ಸಸಿಗಳಿಗೆ ಸೋಂಕು ತಗುಲಿಸಿ ನೋಡಿದಾಗಲೇ ತಿಳಿಯುತ್ತದೆ. 1922ರಲ್ಲಿ ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವೀನ್ ಈ ಪರೀಕ್ಷೆಗೆಂದು 12 ಬಗೆಯ ಗೋಧಿಗಳನ್ನು ಗೊತ್ತುಮಾಡಿದರು. ಉತ್ತರ ಕರ್ನಾಟಕದಲ್ಲಿ ಬೆಳೆಯುವ ಸದಕ ಗೋಧಿಯ ಜಾತಿಗೇ ಸೇರಿದ ಖಪ್ಲಿ ಆ ಸಾಲಿನಲ್ಲಿತ್ತು. ಎಲೆಯ ಮೇಲೆ ಏಳುವ ಗುಳ್ಳೆಗೆ 0ಯಿಂದ 4ರವರೆಗೆ ಅಂಕ. ಆ ಅಂಕಗಳ ಜೋಡಣೆಯಿಂದ ರೇಸ್, ಅಂದರೆ ಶಿಲೀಂಧ್ರದ ಒಳಬಗೆ, ನಿರ್ಧಾರ.

ಇಂದಿನ ಅಕ್ಷರ ಸಂಕೇತ ಇದೇ ಪದ್ಧತಿಯ ಮುಂದುವರಿಕೆ. ನಾಲ್ಕು ಪರೀಕ್ಷಾ ತಳಿಗಳ ಫಲಿತಾಂಶಕ್ಕೆ ಒಂದು ಇಂಗ್ಲಿಷ್ ವ್ಯಂಜನ: ನಾಲ್ಕೂ ತಡೆದರೆ 'ಬಿ', ನಾಲ್ಕೂ ಸೋತರೆ 'ಟಿ'. ಚುಟುಕು, ಅಗ್ಗ, ಯಾವ ದೇಶದ ಪ್ರಯೋಗಾಲಯಕ್ಕೂ ಅರ್ಥವಾಗುವಂಥದ್ದು. ಆದರೆ ಕೇಳಿದ ಪ್ರಶ್ನೆಗಷ್ಟೇ ಅದು ಉತ್ತರಿಸುತ್ತದೆ. 1998ರಲ್ಲಿ ಉಗಾಂಡದಲ್ಲಿ ಕಂಡ 'ಯುಜಿ99' ಜಗತ್ತಿನ ನಿದ್ದೆ ಕೆಡಿಸಿದ್ದು, ರೈ ಧಾನ್ಯದಿಂದ ಗೋಧಿಗೆ ಬಂದು ಅನೇಕ ದೇಶಗಳ ತಳಿಗಳನ್ನು ಕಾಯುತ್ತಿದ್ದ ಎಸ್‌ಆರ್31 ಜೀನನ್ನು ಮುರಿದದ್ದರಿಂದ. ವಿಚಿತ್ರವೆಂದರೆ, ಮೊದಲಿಗೆ ಅದಕ್ಕೆ ಸಿಕ್ಕ 'ಟಿಟಿಕೆಎಸ್' ಎಂಬ ಹೆಸರಿನಲ್ಲಿ ಈ ಸಂಗತಿಯೇ ಇರಲಿಲ್ಲ. ಆಗಿನ ನಾಲ್ಕು ಗುಂಪುಗಳಲ್ಲಿ ಎಸ್‌ಆರ್31 ಇರುವ ತಳಿ ಸೇರಿರಲಿಲ್ಲ. ಐದನೆಯ ಗುಂಪು ಸೇರಿದ ಮೇಲೆ ಹೆಸರು 'ಟಿಟಿಕೆಎಸ್‌ಕೆ' ಆಯಿತು.

ಇದಕ್ಕಿಂತ ದೊಡ್ಡ ಕೊರತೆ ವಂಶದ ವಿಷಯದಲ್ಲಿದೆ. ಉಗ್ರತೆಯ ವೈವಿಧ್ಯ ಬೇರೆ, ವಂಶದ ವೈವಿಧ್ಯ ಬೇರೆ. ಬಾರ್ಬೆರಿ ಗಿಡದ ಮೇಲಿನ ಲೈಂಗಿಕ ಹಂತ ಇಲ್ಲದ ಕಡೆ ತುಕ್ಕು ತನ್ನದೇ ಪ್ರತಿಗಳನ್ನು ಹಡೆಯುತ್ತಾ ಹೋಗುತ್ತದೆ. ಅಲ್ಲೊಂದು ಇಲ್ಲೊಂದು ರೂಪಾಂತರ ಸಾಕು, ರೇಸ್ ಹೆಸರು ಬದಲಾಗುತ್ತದೆ. ಎಸ್‌ಆರ್24 ಮುರಿದ 'ಟಿಟಿಕೆಎಸ್‌ಟಿ', ಎಸ್‌ಆರ್36 ಮುರಿದ 'ಟಿಟಿಟಿಎಸ್‌ಕೆ' ಎರಡೂ ಯುಜಿ99ರ ಮನೆತನದವೇ. ಇದಕ್ಕೆ ತದ್ವಿರುದ್ಧವಾಗಿ 'ಟಿಕೆಟಿಟಿಎಫ್' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ವಂಶಗಳು ಸೇರಿಕೊಂಡಿವೆ. 2013ರಲ್ಲಿ ಇಥಿಯೋಪಿಯದ ಡಿಗೆಲು ಗೋಧಿಯನ್ನು ಹಾಳುಗೆಡವಿದ್ದು ಈ ರೇಸ್. ಯುಜಿ99ಕ್ಕೆ ಮಣಿಯದಿದ್ದ ತಳಿ ಅದು. ಎಲ್ಲರ ಕಣ್ಣು ಒಂದು ಮನೆತನದ ಮೇಲೆ ನೆಟ್ಟಿದ್ದಾಗ ಪೆಟ್ಟು ಬಿದ್ದದ್ದು ಇನ್ನೊಂದರಿಂದ.

ಡಿಎನ್‌ಎ ಓದಿದಾಗ ಕಾಣುವ ಚಿತ್ರ ಇನ್ನೂ ಕುತೂಹಲಕರ. ಈ ಶಿಲೀಂಧ್ರದ ಜೀವಕೋಶದಲ್ಲಿ ಎರಡು ಕೋಶಕೇಂದ್ರಗಳು ಬೇರೆಬೇರೆಯಾಗಿಯೇ ಇರುತ್ತವೆ. 2019ರ ಅಧ್ಯಯನದ ಪ್ರಕಾರ ಯುಜಿ99ರ ಒಂದು ಕೋಶಕೇಂದ್ರ, 1954ರಲ್ಲಿ ಆಸ್ಟ್ರೇಲಿಯದಲ್ಲಿ ಮೊದಲು ಕಂಡ ರೇಸ್ 21ರ ಒಂದು ಕೋಶಕೇಂದ್ರಕ್ಕೆ ಹೆಚ್ಚುಕಡಿಮೆ ತದ್ರೂಪು. ಅಂದರೆ ಲೈಂಗಿಕ ಕೂಡಿಕೆ ಇಲ್ಲದೆಯೇ ಎರಡು ತಂತುಗಳು ಬೆಸೆದು ಕೋಶಕೇಂದ್ರ ಕೈಬದಲಾಗಿದೆ. ಇಂಥ ನಂಟಿನ ಸುಳಿವು ಅಕ್ಷರ ಸಂಕೇತದಲ್ಲಿ ಸಿಗದು.

ಹಾಗೆಂದು ಸಸಿ ಪರೀಕ್ಷೆಯನ್ನು ಕೈಬಿಡುವಂತಿಲ್ಲ. ಗೋಧಿಯ ಬಹುಪಾಲು ನಿರೋಧಕ ಜೀನ್‌ಗಳಿಗೆ ಶಿಲೀಂಧ್ರದಲ್ಲಿರುವ ಜೋಡಿ ಜೀನ್ ಇನ್ನೂ ಗುರುತಾಗಿಲ್ಲ. ಎಸ್‌ಆರ್35, ಎಸ್‌ಆರ್50ರ ಜೋಡಿಗಳು ಬೆಳಕಿಗೆ ಬಂದದ್ದೇ 2017ರಲ್ಲಿ. ಡಿಎನ್‌ಎ ಗುರುತು ವಂಶವನ್ನು ಹೇಳೀತು, ಯಾವ ತಳಿ ಉಳಿದೀತು ಎಂಬುದನ್ನಲ್ಲ. ಸಸಿ ಪರೀಕ್ಷೆಯೂ ಕಾಣದ್ದು ಒಂದಿದೆ: ಬೆಳೆದ ಗಿಡದಲ್ಲಷ್ಟೇ ತೋರುವ ನಿಧಾನ ನಿರೋಧ. ಎಮ್ಮರ್ ಗೋಧಿಯಿಂದ ಬಂದ ಎಸ್‌ಆರ್2 ಅಂಥದ್ದು. ರೋಗವನ್ನು ಪೂರ್ತಿ ತಡೆಯದೆ ಕುಂಟಿಸುವ ಈ ಜೀನ್ 1920ರ ದಶಕದಿಂದ ತಳಿ ಅಭಿವೃದ್ಧಿಯಲ್ಲಿದ್ದು ಇಂದಿಗೂ ಕೆಲಸಕ್ಕೆ ಬರುತ್ತಿದೆ. ಐದಕ್ಷರದ ಸಂಕೇತದಲ್ಲಿ ಅದಕ್ಕೆ ಜಾಗವಿಲ್ಲ.