ಕಿವಿಗೆ ಸಂದ ಗುಮ್ಮಟ

ವಿಜಯಪುರವನ್ನು ನೋಡಲು ಬರುವವರ ದಾರಿ ಬಹುಕಾಲದಿಂದ ಗೊತ್ತಾಗಿಹೋಗಿದೆ. ಗೋಳಗುಮ್ಮಟದಿಂದ ಹೊರಟು, ಜುಮ್ಮಾ ಮಸೀದಿ, ಮಲಿಕ್ ಮೈದಾನ ತೋಪುಗಳನ್ನು ಹಾಯ್ದು ಇಬ್ರಾಹಿಂ ರೋಜಾದಲ್ಲಿ ಮುಗಿಯುವ ಈ ದಾರಿಯಲ್ಲಿ ಬಾರಾ ಕಮಾನು ಹೊತ್ತು ಉಳಿದರೆ ಸೇರುತ್ತದೆ, ಉಳಿಯದಿದ್ದರೆ ಟಾಂಗಾದಲ್ಲಿ ಕುಳಿತೇ ನೋಡಿ ಮುಗಿಸುವ ಸ್ಥಳವಾಗುತ್ತದೆ. ಆದಿಲ್‌ಶಾಹಿ ಅರಸರ ವಂಶಾವಳಿಯನ್ನು ಇಲ್ಲಿ ಮತ್ತೆ ಹೇಳಬೇಕಾದ ಅಗತ್ಯವಿಲ್ಲ. ಪರಿಶೀಲಿಸಬೇಕಾದದ್ದು ಈ ದರ್ಶನದ ರೂಢಿಯನ್ನು, ಅದರಲ್ಲಿಯೂ ಅದರ ಪರಮಾವಧಿಯೆಂದು ಎಲ್ಲರೂ ಒಪ್ಪಿಕೊಂಡಿರುವ, ಗೋಳಗುಮ್ಮಟದೊಳಗಿನ ಪಿಸುಗುಟ್ಟುವ ಗ್ಯಾಲರಿಯನ್ನು. ಏಕೆಂದರೆ ದಖ್ಖನಿನ ಅತ್ಯಂತ ಧೀರ ಕಟ್ಟಡವೊಂದು ಕಣ್ಣಿಗೆ ಸಲ್ಲಬೇಕಾದದ್ದು ಕಿವಿಗೆ ಸಂದು, ಕೂಗಿ ಪರೀಕ್ಷಿಸುವ ಸಾಧನವಾಗಿಬಿಟ್ಟಿದೆ.

ಮಾರುದನಿ ಏಳು ಬಾರಿ ಕೇಳುತ್ತದೆಯೋ ಹತ್ತು ಬಾರಿಯೋ ಎಂಬ ವಾದಕ್ಕೆ ಕೊನೆಯಿಲ್ಲ. ಮಕ್ಕಳಿಗೆ ಅದು ಸಂತೋಷ ಕೊಡುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗೋರಿಕಟ್ಟಡವೊಂದರಲ್ಲಿ ಈ ಗ್ಯಾಲರಿ ಏಕೆ ಇದೆ ಎಂಬ ಪ್ರಶ್ನೆಯನ್ನು ಮಾರ್ಗದರ್ಶಿ ಪುಸ್ತಕಗಳು ಕೇಳುವುದೇ ಇಲ್ಲ. ಅದನ್ನು ಧ್ವನಿಗಾಗಿ ಕಟ್ಟಿದರೆಂಬುದಕ್ಕೆ ಕಟ್ಟಡದೊಳಗೆ ಯಾವ ಸೂಚನೆಯೂ ಇಲ್ಲ. ಕಮಾನುಗಳ ರಚನೆಯಿಂದ ತಾನಾಗಿ ಒದಗಿಬಂದ ಜಗಲಿ ಅದು.

1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಈ ಗೋರಿಯ ಒಳಗಿನ ನೆಲ ಸುಮಾರು 135 ಅಡಿಗಳ ಚೌಕ. ಚೌಕದ ಮೇಲೆ ವೃತ್ತಾಕಾರದ ಗುಮ್ಮಟವನ್ನು ಕೂರಿಸುವುದು ಎಲ್ಲ ಗುಮ್ಮಟಗಾರರಿಗೂ ಎದುರಾಗುವ ಕಷ್ಟವಾಗಿದ್ದು, ಇಲ್ಲಿಯ ಶಿಲ್ಪಿಗಳು ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ತಿರುಗಿಸಿಟ್ಟಂತೆ ಎಂಟು ಕಮಾನುಗಳನ್ನು ಒಂದನ್ನೊಂದು ಛೇದಿಸುವ ಹಾಗೆ ಎಬ್ಬಿಸಿ, ಅವುಗಳ ನಡುವಿನ ಸಂದುಗಳನ್ನು ಪೆಂಡೆಂಟಿವ್‌ಗಳಿಂದ, ಅಂದರೆ ಮೂಲೆಯಿಂದ ಮೇಲೇರುತ್ತ ಒಳಕ್ಕೆ ಬಾಗಿ ಚಾಚುವ ತ್ರಿಕೋನಾಕಾರದ ಹಂದರಗಳಿಂದ, ತುಂಬಿದರು. ಹೀಗೆ ಒಳಕ್ಕೆ ಬಾಗುತ್ತ ಹೋದ ರಚನೆ ಮೇಲೆ ಸೇರುವ ಹೊತ್ತಿಗೆ ಚೌಕ ಕುಗ್ಗಿ, ಸುಮಾರು 97 ಅಡಿ ವ್ಯಾಸದ ದುಂಡನೆಯ ಬಾಯಿಯಾಗುತ್ತದೆ. ಆದರೆ ಗುಮ್ಮಟದ ಒಳವ್ಯಾಸ 97 ಅಡಿಯಲ್ಲ, ಸುಮಾರು 124 ಅಡಿ. ಗುಮ್ಮಟವು ಬಾಯಿಯ ಅಂಚಿನ ಮೇಲೆ ನಿಲ್ಲದೆ ಹದಿಮೂರು ಅಡಿಯಷ್ಟು ಹಿಂದೆ ಸರಿದು ನಿಂತಿದೆ. ಆ ಹದಿಮೂರು ಅಡಿಯೇ ಗ್ಯಾಲರಿ.

ಇದರಿಂದ ಹುಟ್ಟುವ ಪರಿಣಾಮವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನೆಲದ ಮೇಲೆ ನಿಂತವನಿಗೆ ಗುಮ್ಮಟ ಎಲ್ಲಿಂದ ಮೇಲೇಳುತ್ತದೆ ಎಂಬುದು ಕಾಣುವುದಿಲ್ಲ, ಆ ಗೆರೆಯನ್ನು ಗ್ಯಾಲರಿಯ ಅಂಚು ಮರೆಮಾಡುತ್ತದೆ. ಆದ್ದರಿಂದ ಗುಮ್ಮಟವು ಕಮಾನುಗಳ ಮೇಲೆ ಕೂತಂತೆ ತೋರದೆ ಅವುಗಳ ಆಚೆಗೆಲ್ಲೋ ಇರುವ ಹಾಗೆ ತೋರುತ್ತದೆ. ಗ್ಯಾಲರಿಗೆ ಹತ್ತಿದವನಿಗೆ ಗುಮ್ಮಟ ಪೂರ್ತಿ ಸಿಗುತ್ತದೆ, ಆದರೆ ಅದನ್ನು ಹೊತ್ತ ಕಮಾನುಗಳು ಕಾಲಡಿಗೆ ಸರಿದುಬಿಡುತ್ತವೆ. ಹೊತ್ತದ್ದನ್ನೂ ಹೊರಿಸಿಕೊಂಡದ್ದನ್ನೂ ಒಟ್ಟಿಗೆ ಇಡಿಯಾಗಿ ನೋಡಬಹುದಾದ ಜಾಗ ಇಡೀ ಕಟ್ಟಡದೊಳಗೆ ಒಂದೂ ಇಲ್ಲ. ನೆಲದಲ್ಲಿ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲೆ ಹೋದವನಿಗೆ ಮಾತ್ರ ಈ ಕಟ್ಟಡ ಅರ್ಥವಾಗುತ್ತದೆ. ಬಾಗಿಲು ದಾಟಿದೊಡನೆ ಮೂಲೆಗೋಪುರದ ಮೆಟ್ಟಿಲುಗಳತ್ತ ಧಾವಿಸುವ ಇಂದಿನ ರೂಢಿ ಅರ್ಧ ಕಟ್ಟಡವನ್ನು ನೋಡದೆಯೇ ಬಿಡುತ್ತದೆ.

ಈ ಕುರುಡಿಗೆ ವಿದ್ವಾಂಸರೂ ಹೊಣೆಗಾರರು. 1876ರ ತಮ್ಮ ಗ್ರಂಥದಲ್ಲಿ ಜೇಮ್ಸ್ ಫರ್ಗುಸನ್ ಅವರು ಈ ಕಮಾನುಗಳ ಚಾತುರ್ಯವನ್ನು ಮನಸಾರೆ ಹೊಗಳಿ, ಒಳಕ್ಕೆ ಚಾಚಿದ ಪೆಂಡೆಂಟಿವ್‌ಗಳ ಭಾರವೇ ಗುಮ್ಮಟದ ಹೊರನೂಕನ್ನು ತಡೆಯುತ್ತದೆಂದು ವಿವರಿಸಿದ್ದು ಸರಿಯಾದ ದಿಕ್ಕಿನ ಮಾತೇ ಆಗಿತ್ತು. ಆದರೆ ಅದೇ ಉಸಿರಿನಲ್ಲಿ ನೆಲದ ವಿಸ್ತೀರ್ಣವನ್ನು ರೋಮಿನ ಪ್ಯಾಂಥಿಯನ್ನಿನ ಜೊತೆ ತೂಗಿ, ಒಂದೇ ಗುಮ್ಮಟದ ಕೆಳಗೆ 18 ಸಾವಿರ ಚದರಡಿಗೂ ಮಿಕ್ಕ ಜಾಗ ಬೇರೆಲ್ಲೂ ಇಲ್ಲವೆಂಬ ಲೆಕ್ಕವನ್ನು ಅವರು ಚಾಲ್ತಿಗೆ ತಂದರು. ಮುಂದೆ ಬಂದವರು ವಿವರಣೆಯನ್ನು ಕೈಬಿಟ್ಟು ಲೆಕ್ಕವನ್ನಷ್ಟೇ ಹಿಡಿದುಕೊಂಡರು. ಅದು ಸವೆದು ಸವೆದು ‘ಜಗತ್ತಿನ ಎರಡನೆಯ ದೊಡ್ಡ ಗುಮ್ಮಟ’ ಎಂಬ ಪಾಠವಾಗಿ ಶಾಲೆಯವರೆಗೂ ಬಂದಿತು. ಈ ಪಾಠ ತಪ್ಪು. ಪ್ಯಾಂಥಿಯನ್ನಿನ ಒಳವ್ಯಾಸ 142 ಅಡಿ, ಸಂತ ಪೀಟರ್ ಇಗರ್ಜಿಯದು ಸುಮಾರು 136 ಅಡಿ, ಫ್ಲಾರೆನ್ಸಿನ ಪ್ರಧಾನ ಇಗರ್ಜಿಯದೂ ವಿಜಯಪುರದ್ದಕ್ಕಿಂತ ದೊಡ್ಡದು. ಆಧುನಿಕ ಗುಮ್ಮಟಗಳನ್ನು ಬದಿಗಿಟ್ಟರೂ ಎರಡನೆಯ ಸ್ಥಾನ ದಕ್ಕುವುದಿಲ್ಲ. ಇಂಥ ಸ್ಥಾನಮಾನದ ಹಂಬಲವಾದರೂ ಏಕೆ? ಪ್ಯಾಂಥಿಯನ್ನಿನ ಗುಮ್ಮಟ ದುಂಡುಗೋಡೆಯ ಮೇಲೆ ನಿಂತದ್ದರಿಂದ ಅದರ ಶಿಲ್ಪಿಗಳಿಗೆ ಚೌಕವನ್ನು ವೃತ್ತಕ್ಕೆ ಒಯ್ಯುವ ಕಷ್ಟವೇ ಇರಲಿಲ್ಲ, ಹಾಗಿರುವಾಗ ಅಡಿಗೋಲು ಹಿಡಿದು ಇವೆರಡನ್ನು ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ.

ಗುಮ್ಮಟದ ಪ್ರತಿಷ್ಠೆಗೆ ಬೇಸತ್ತ ಇನ್ನು ಕೆಲವರು ಇಬ್ರಾಹಿಂ ರೋಜಾವನ್ನು ‘ದಕ್ಷಿಣದ ತಾಜಮಹಲು’ ಎಂದು ಎತ್ತಿ ಹಿಡಿಯುತ್ತಾರೆ. ಇದೂ ಅದೇ ರೋಗ. ತಾಜಮಹಲಿಗಿಂತ ಮೊದಲೇ ಎದ್ದ ಕಟ್ಟಡಕ್ಕೆ ತಾಜಮಹಲಿನ ಹೆಸರನ್ನು ಬಿರುದಾಗಿ ಕೊಡುವುದು ವಿಚಿತ್ರವಾದ ಮನ್ನಣೆ. ಮುಹಮ್ಮದನ ತಂದೆ ಎರಡನೆಯ ಇಬ್ರಾಹಿಮನ ಈ ಗೋರಿಯಲ್ಲಿ, ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಲ್ಲಿನ ಕಿಟಕಿಗಳನ್ನು ಎಲ್ಲರೂ ಮೆಚ್ಚುತ್ತಾರೆ, ಗೋರಿಕೋಣೆಯ ಮೇಲ್ಭಾಗವನ್ನು ಮಾತ್ರ ಗಮನಿಸುವವರು ವಿರಳ. ಹೊರಗಿನಿಂದ ಎದ್ದು ಕಾಣುವ ಗುಮ್ಮಟ ಒಳಗೆ ಕಾಣುವುದೇ ಇಲ್ಲ. ಚಪ್ಪಟೆಯಾದ ಕಲ್ಲಿನ ಛಾವಣಿಯೊಂದು ಅದನ್ನು ಪೂರ್ತಿಯಾಗಿ ಮುಚ್ಚಿದೆ. ತಂದೆಯ ಗೋರಿಯಲ್ಲಿ ಮುಚ್ಚಿಟ್ಟ ಗುಮ್ಮಟವನ್ನು ಮಗನ ಗೋರಿಯಲ್ಲಿ ತೆರೆದರು, ತೆರೆದರೂ ಅದರ ಬುಡವನ್ನು ಕಾಣಗೊಡಲಿಲ್ಲ. ಈ ಎರಡು ಕಟ್ಟಡಗಳ ನಡುವಿನ ನಂಟು ಬಿರುದುಗಳ ಗದ್ದಲದಲ್ಲಿ ಚರ್ಚೆಗೇ ಬಂದಿಲ್ಲ.

ದರ್ಶನದ ಕ್ರಮವನ್ನು ತಿರುಗಿಸಿದರೆ ಈ ನಂಟು ತಾನಾಗಿ ತೆರೆದುಕೊಳ್ಳುತ್ತದೆ. ಮೊದಲು ರೋಜಾ; ಅನಂತರ, 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್ ಶಾಹನ ಅಪೂರ್ಣ ಗೋರಿಯಾದ ಬಾರಾ ಕಮಾನು, ಅಲ್ಲಿ ಛಾವಣಿಯಿಲ್ಲದ ಕಪ್ಪುಕಲ್ಲಿನ ಕಮಾನುಗಳು ಗೋಡೆ ಗುಮ್ಮಟಗಳ ಮರೆಯಿಲ್ಲದೆ ತಮ್ಮ ಕೆಲಸವನ್ನು ಬಿಚ್ಚಿ ತೋರಿಸುತ್ತವೆ; ಕೊನೆಗೆ ಗೋಳಗುಮ್ಮಟ, ಅದೂ ಮೊದಲು ನೆಲದ ಮೇಲೆ ಸಾಕಷ್ಟು ಹೊತ್ತು ನಿಂತು, ಆಮೇಲೆ ಮೆಟ್ಟಿಲು. ಮೇಲೆ ಹೋದ ಬಳಿಕ ಕೂಗುವುದೋ ಬಿಡುವುದೋ ಅವರವರ ಇಷ್ಟ.