ಫೆಬ್ರುವರಿಯ ಪುನರ್ಮನನ

ಶಿವಮೊಗ್ಗದ ಆಲ್ಕೊಳ ವೃತ್ತದ ಆಸುಪಾಸಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳಿಗೆ ಫೆಬ್ರುವರಿ ಎಂದರೆ ಪುನರ್ಮನನದ ತಿಂಗಳು. ಜೂನ್‌ನಲ್ಲಿ ಮುಗಿಸಿ ಮುಚ್ಚಿಟ್ಟ ಪಾಠಕ್ಕೆ ಆಗ ಮತ್ತೆ ಜೀವ. ಈ ಪದ್ಧತಿಯನ್ನು ಸುಮ್ಮನೆ ಹಳಿಯುವಂತಿಲ್ಲ. ನಾಳೆಯೇ ಪರೀಕ್ಷೆಯಿದ್ದರೆ ಇಂದು ಒತ್ತಿ ಓದಿದ್ದು ಅಂಕ ತರುತ್ತದೆ. ಪಾಲಕರು ಇದನ್ನು ನಂಬುವುದೂ ಅದಕ್ಕೇ. ಎಡವುವುದು ಪಿಯುಸಿಯಲ್ಲಿ. ತ್ರಿಕೋನಮಿತಿಯಲ್ಲಿ ಒಳ್ಳೆಯ ಅಂಕ ಪಡೆದ ಎಷ್ಟೋ ಮಕ್ಕಳು ಅಲ್ಲಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.

ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಒತ್ತಿ ಓದುವುದಕ್ಕಿಂತ ಹಂಚಿ ಓದುವುದು ಲೇಸೆಂಬುದನ್ನು 1885ರಲ್ಲೇ ಅಳೆದು ತೋರಿಸಿದ್ದ. ಅರ್ಥವಿಲ್ಲದ ಅಕ್ಷರಸಾಲುಗಳನ್ನು ಒಂದೇ ದಿನ 68 ಸಲ ಓದಿದ್ದೂ ಮೂರು ದಿನಕ್ಕೆ ಹಂಚಿ 38 ಸಲ ಓದಿದ್ದೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಓದಿದವನೂ ಪರೀಕ್ಷೆಗೆ ಕೂತವನೂ ಅವನೊಬ್ಬನೇ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ 2008ರಲ್ಲಿ ಮನೋವಿಜ್ಞಾನಿ ಸೆಪೆಡಾ ಮತ್ತು ಸಂಗಡಿಗರು 1,350ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು: ಏಳು ದಿನ ನೆನಪಿರಬೇಕಾದರೆ ಎರಡು ಓದುಗಳ ನಡುವೆ ಒಂದು ದಿನ, 350 ದಿನವಾದರೆ 21 ದಿನ ಬಿಡುವುದು ಲೇಸು. ನಮ್ಮ ಶಾಲೆಗಳು ಬಿಡುವುದು ಎಂಟು ತಿಂಗಳು. ಅಷ್ಟರಲ್ಲಿ ಪಾಠ ಹೊಸದೇ ಆಗಿಬಿಟ್ಟಿರುತ್ತದೆ.

ಇದೇ ಜಿಲ್ಲೆಯಲ್ಲಿ, ತುಂಗೆಯ ದಡದ ಮತ್ತೂರಿನಲ್ಲಿ, ವೇದಪಾಠದ ಕ್ರಮ ಬೇರೆ. ಸಂಹಿತೆ, ಪದ, ಕ್ರಮ, ಜಟೆ, ಘನ ಎಂದು ಅದೇ ಮಂತ್ರ ವರ್ಷಗಳುದ್ದಕ್ಕೂ ಬೇರೆ ಬೇರೆ ಹೆಣಿಗೆಯಲ್ಲಿ ಮರಳುತ್ತದೆ. ಪಾಡ್ಯ, ಅಷ್ಟಮಿಯಂಥ ಅನಧ್ಯಯನದ ದಿನಗಳಲ್ಲಿ ಹೊಸ ಪಾಠ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪುಸ್ತಕ ನೋಡದೆ ಒಪ್ಪಿಸಬೇಕು. ಪುನರ್ಮನನ ತರಗತಿಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಇದೇ. ಮೇಷ್ಟ್ರು ನೋಟ್ಸ್ ಓದುತ್ತಾರೆ, ಮಕ್ಕಳು ತಲೆಯಾಡಿಸುತ್ತಾರೆ. ಪರಿಚಿತವೆನಿಸಿದ್ದನ್ನೆಲ್ಲ ಗೊತ್ತಿದೆ ಎಂದು ಭ್ರಮಿಸುತ್ತಾರೆ. ಹಾಗೆಂದು ವೇದಪಾಠವೇ ಎಲ್ಲಕ್ಕೂ ಮಾದರಿ ಎನ್ನುವವರ ಜೊತೆ ನಾನಿಲ್ಲ. ಅಲ್ಲಿ ಅಕ್ಷರ, ಸ್ವರ ಕೆಡದಂತೆ ಉಳಿಯಬೇಕು. ಗಣಿತದ ಹುಡುಗಿಗೆ ಬೇಕಾದದ್ದು ಯಾವ ಲೆಕ್ಕಕ್ಕೆ ಯಾವ ದಾರಿ ಎಂದು ಆರಿಸುವ ಚುರುಕು.

ಅದಕ್ಕೆ ದೊಡ್ಡ ಸುಧಾರಣೆಯೇನೂ ಬೇಡ. ಅಧ್ಯಾಯದ ಕೊನೆಯಲ್ಲಿ ಒಂದೇ ಜಾತಿಯ ಇಪ್ಪತ್ತು ಲೆಕ್ಕ ಕೊಡುವ ಬದಲು ಎಂಟು ಕೊಟ್ಟು, ಉಳಿದವನ್ನು ಮುಂದಿನ ವಾರಗಳ ಮನೆಗೆಲಸಕ್ಕೆ ಎರಡೆರಡಾಗಿ ಸೇರಿಸಿದರೂ ಸಾಕು. ಒಂದೇ ಕಷ್ಟ: ಹೀಗೆ ಕಲಿಯುವ ತರಗತಿ ಮೊದಮೊದಲು ಹೆಚ್ಚು ತಪ್ಪು ಮಾಡುತ್ತದೆ, ಕಿರುಪರೀಕ್ಷೆಯ ಅಂಕ ಇಳಿಯುತ್ತದೆ. ಪಾಲಕರ ಸಭೆಯಲ್ಲಿ ಆ ಅಂಕಪಟ್ಟಿ ಹಿಡಿದು ನಿಲ್ಲಬಲ್ಲ ಮುಖ್ಯೋಪಾಧ್ಯಾಯರು ಬೇಕು.