ನಕ್ಷೆಯಿಲ್ಲದ ನಗರ: ಫಾರೆಸ್ಟರ್ ಅವರ ‘ಅರ್ಬನ್ ಡೈನಮಿಕ್ಸ್’

ನಗರಗಳ ಏಳುಬೀಳುಗಳನ್ನು ಗಣಿತದ ಮಾದರಿಗಳಲ್ಲಿ ಹಿಡಿದಿಡುವ ಪ್ರಯತ್ನಗಳ ಪೈಕಿ, ಜೇ ಫಾರೆಸ್ಟರ್ ಅವರು 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಮಿಕ್ಸ್’ ಗ್ರಂಥದಷ್ಟು ವಾದಕ್ಕೆ ಎಡೆಗೊಟ್ಟವು ವಿರಳ. ಗ್ರಂಥಕರ್ತರು ಮೂಲತಃ ಎಂಜಿನಿಯರು. ಬಾಸ್ಟನ್ನಿನ ಮಾಜಿ ಮೇಯರ್ ಜಾನ್ ಕಾಲಿನ್ಸ್ ಅವರೊಡನೆ ನಡೆಸಿದ ಚರ್ಚೆಗಳಿಂದ ಈ ಕೃತಿ ಮೂಡಿತು. ಯಾವುದೇ ಒಂದು ನಿಜನಗರದ ಅಂಕಿಅಂಶಗಳಿಗೆ ಅದನ್ನು ಹೊಂದಿಸಿಲ್ಲ.

ಇಲ್ಲಿಯ ನಗರವೆಂದರೆ ಒಂದು ಲಕ್ಷ ಎಕರೆ ನೆಲ. ಅದರ ಮೇಲೆ ಉದ್ಯಮ, ವಸತಿ, ಜನ. ಪ್ರತಿಯೊಂದರಲ್ಲಿಯೂ ಮೂರು ದರ್ಜೆಗಳು. ಇವುಗಳ ಪರಸ್ಪರ ಪ್ರಭಾವವನ್ನು ಗಣಕಯಂತ್ರವು 250 ವರ್ಷಗಳವರೆಗೆ ಎಣಿಸುತ್ತ ಹೋಗುತ್ತದೆ. ಉದ್ಯಮಗಳು ಮುಪ್ಪಾಗುತ್ತವೆ, ಮನೆಗಳು ಶಿಥಿಲವಾಗುತ್ತವೆ, ನೆಲ ತುಂಬಿದೊಡನೆ ಬೆಳವಣಿಗೆ ಕುಂಠಿತವಾಗುತ್ತದೆ. ಇಂದು ಕೈಗೊಂಡ ಪರಿಹಾರವು ದಶಕಗಳ ತರುವಾಯ ವಿಪರೀತ ಫಲವನ್ನು ಕೊಡಬಹುದೆಂಬುದನ್ನು ಗ್ರಂಥಕರ್ತರು ಸಮರ್ಥವಾಗಿ ತೋರಿಸಿದ್ದಾರೆ. ಸಮೀಕರಣಗಳೆಲ್ಲವನ್ನೂ ಓದುಗರ ಪರೀಕ್ಷೆಗೆ ಮುಕ್ತವಾಗಿ ಮುದ್ರಿಸಿರುವುದೂ ಸ್ತುತ್ಯವೇ ಸರಿ.

ಆದರೆ ಅವರ ನಿರ್ಣಯವನ್ನು ಒಪ್ಪುವುದು ಕಷ್ಟ. ಬಡವರಿಗೆ ಅಗ್ಗದ ಮನೆಗಳನ್ನು ಕಟ್ಟಿಸಿದರೆ ನಗರವು ಮತ್ತಷ್ಟು ಕೆಡುವುದಂತೆ. ಕೊಳೆಗೇರಿಯ ವಸತಿಯಲ್ಲಿ ವರ್ಷಕ್ಕೆ ಶೇಕಡ 5ರಷ್ಟನ್ನು ಕೆಡವಿ, ಆ ನೆಲದಲ್ಲಿ ಹೊಸ ಉದ್ಯಮಕ್ಕೆ ಉತ್ತೇಜನವಿತ್ತರೆ ಚೇತರಿಸಿಕೊಳ್ಳುವುದಂತೆ. ಹಾಗಾದರೆ ಮನೆ ಕಳೆದುಕೊಂಡವರ ಗತಿಯೇನು? ಫಾರೆಸ್ಟರ್ ಅವರು ನಗರದ ಸುತ್ತ ಒಂದು ಎಲ್ಲೆಯಿಲ್ಲದ ಪರಿಸರವನ್ನು ಕಲ್ಪಿಸಿಕೊಂಡಿದ್ದಾರೆ. ಎಷ್ಟೇ ಜನ ಬಂದರೂ ಹೋದರೂ ಅದರಲ್ಲಿ ಯಾವ ವ್ಯತ್ಯಾಸವೂ ಆಗದು. ನಗರವನ್ನು ಬಿಟ್ಟವರು ಅಲ್ಲಿ ಕರಗಿ ಹೋಗುತ್ತಾರೆ. ಅವರ ಸಂಕಟವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಉಪನಗರಗಳಿಲ್ಲ, ಬೀದಿಗಳಿಲ್ಲ, ಕೆಲಸಕ್ಕೆ ನಡೆದು ಹೋಗುವ ದೂರವಿಲ್ಲ. ನೆಲದ ವಿಸ್ತಾರವುಂಟು, ಸ್ಥಳವಿಲ್ಲ. ಅಮೆರಿಕದ ನಗರಗಳಿಂದ ಉಳ್ಳವರು ಉಪನಗರಗಳಿಗೆ ವಲಸೆ ಹೋಗುತ್ತಿದ್ದ ಕಾಲದಲ್ಲಿಯೇ ಬರೆದ ಗ್ರಂಥದಲ್ಲಿ ಇದು ಸಣ್ಣ ಲೋಪವೇನೂ ಅಲ್ಲ. ಮೇಲಿನ ನಿರ್ಣಯವು ಬಹುಮಟ್ಟಿಗೆ ಈ ಲೋಪದ ಬಲದಿಂದಲೇ ನಿಂತಿದೆಯೆಂದು ನನ್ನ ಅಭಿಪ್ರಾಯ.

ಎರಡು ವರ್ಷಗಳ ಅನಂತರ, 1971ರಲ್ಲಿ, ಥಾಮಸ್ ಶೆಲ್ಲಿಂಗ್ ಅವರು ವರ್ಣಭೇದದಿಂದ ಬೇರ್ಪಡುವ ನೆರೆಹೊರೆಗಳನ್ನು ಕುರಿತು ಬರೆದ ಲೇಖನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅವರ ಸಲಕರಣೆ ಬಲು ಸರಳ: ಚೌಕಗಳ ಒಂದು ಮಣೆ, ಎರಡು ಬಗೆಯ ನಾಣ್ಯಗಳು. ನೆರೆಯವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿ ತನ್ನವರಿದ್ದರೆ ಸಾಕೆಂಬ ಸೌಮ್ಯ ಅಪೇಕ್ಷೆಯಿಂದಲೇ ಇಡೀ ಮಣೆಯು ಬೇರೆ ಬೇರೆ ಕೇರಿಗಳಾಗಿ ಒಡೆಯುವುದನ್ನು ಅವರು ತೋರಿಸಿದರು. ಬಾಡಿಗೆ, ಉದ್ಯೋಗ, ಕಾನೂನು ಇವಾವುವೂ ಆ ಮಣೆಯ ಮೇಲಿಲ್ಲವೆಂಬುದು ನಿಜ. ಆದರೂ ಅಲ್ಲಿ ಒಂದು ಚೌಕವನ್ನು ತೊರೆದ ನಾಣ್ಯವು ಅದೇ ಮಣೆಯ ಮತ್ತೊಂದು ಚೌಕದಲ್ಲಿ ಯಾರದಾದರೂ ನೆರೆಗೆ ಹೋಗಿ ಕೂರಲೇಬೇಕು.